ಭಟ್ಟರನ್ನು ಕರೆತರಲು ಹೋಗಿ ಬುರ್ಜಿ ಮಾಡಿದ್ದು

ಭಟ್ಟರನ್ನು ಕರೆದುಕೊಂಡು ಬರುವುದು ಏನು ಮಹಾ ಕೆಲಸ? ನಾಲ್ಕು ಓಣಿ ದಾಟಬೇಕು, ಬಾಗಿಲಲ್ಲಿ ನಿಂತು ಕೂಗಬೇಕು, ಅವರನ್ನು ಮುಂದೆ ಬಿಟ್ಟುಕೊಂಡು ಅವೇ ನಾಲ್ಕು ಓಣಿ ತಿರುಗಿ ಬರಬೇಕು. ಜಮಖಂಡಿಯ ಮಾಮಲೇದಾರ ಕಚೇರಿಯಲ್ಲಿ ಒಂಬತ್ತು ವರ್ಷ ಕಾರಕೂನಿಕೆ ಮಾಡಿದವನು ನಾನು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಾಗ ಒಂದೇ ಒಂದು ಕಾಗದ ಕಳೆಯದೆ ಎಲ್ಲ ಕಡತಗಳನ್ನು ಹಳೆಯ ಕಪಾಟಿನಿಂದ ಹೊಸ ಕಪಾಟಿಗೆ ದಾಟಿಸಿದವನು. ಅಂಥವನಿಗೆ ಒಬ್ಬ ಭಟ್ಟರನ್ನು ದಾಟಿಸುವುದು ಕಷ್ಟವೇ? ಹೀಗೆಂದು ನಾನು ನನ್ನ ಹೆಂಡತಿ ಸುಶೀಲೆಗೆ ಬಿಡಿಸಿ ಹೇಳಿದೆ.

ಸುಶೀಲೆ ವಾದಕ್ಕೆ ನಿಲ್ಲಲಿಲ್ಲ. ಕೋಟು, ಕರಿ ಟೊಪ್ಪಿಗೆ ತಂದು ಕೈಗಿಟ್ಟಳು.

"ಏನರ ಆಗಲಿ, ಭಟ್ಟರನ್ನ ಬಿಟ್ಟ ಮಾತ್ರ ಬರಬ್ಯಾಡ್ರಿ," ಎಂದಳು.

ಅಂದು ಶುಕ್ರವಾರ. ನನ್ನ ತಂಗಿ ಕುಸುಮಾಳ ಸಾಖರಪುಡಾ. ಹುಡುಗನ ಕಡೆಯವರು ಬಂದು ಹುಡುಗಿಯ ಉಡಿಯಲ್ಲಿ ಸಕ್ಕರೆಯ ಪೊಟ್ಟಣ ಇಟ್ಟು, ಎರಡೂ ಕಡೆಯವರು ಎಲೆ ಅಡಿಕೆ ಬದಲಾಯಿಸಿಕೊಂಡರೆ ಮದುವೆ ನಿಶ್ಚಯವಾದಂತೆ. ಅಪ್ಪ ತೀರಿಕೊಂಡ ಮೇಲೆ ಮನೆಗೆ ನಾನೇ ಯಜಮಾನ. ಇದಕ್ಕೆ ಮೊದಲು ಎರಡು ಸಂಬಂಧ ಕೈಗೆ ಬಂದು ತಪ್ಪಿದ್ದವು. ಬೀಳಗಿಯವರು ತಂದ ಹುಡುಗನ ಜಾತಕದಲ್ಲಿ ಲೆಕ್ಕ ತಪ್ಪಿದ್ದನ್ನು ನಾನೇ ಹುಡುಕಿ, ಅಲ್ಲೇ ಕೂತು ತಿದ್ದಿಕೊಟ್ಟಿದ್ದೆ. ತೇರದಾಳದವರಿಗಂತೂ ಅವರ ಹೊಲದ ಉತಾರದಲ್ಲಿ, ಅಂದರೆ ಹಕ್ಕಿನ ಕಾಗದದಲ್ಲಿ, ಅಜ್ಜನ ಹೆಸರು ತಪ್ಪಾಗಿ ಬಿದ್ದಿದೆ ಎಂದು ಎಚ್ಚರಿಸಿ, ಅದನ್ನು ಸರಿಪಡಿಸುವ ಕ್ರಮವನ್ನು ಎರಡು ತಾಸು ವಿವರಿಸಿದ್ದೆ. ಇಷ್ಟು ಉಪಕಾರ ಮಾಡಿದರೂ ಎರಡೂ ಕಡೆಯವರು ತಿರುಗಿ ಒಂದು ಕಾಗದ ಬರೆಯಲಿಲ್ಲ. ಜನರ ಮನಸ್ಸೇ ತಿಳಿಯುವುದಿಲ್ಲ!

ಅಂದಿನಿಂದ ಕುಸುಮಾ ಮನೆಗೆ ಯಾರು ಬಂದರೂ ಒಳಗಿನ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ನಗುವುದನ್ನು ಬಿಟ್ಟಿದ್ದಳು. ನನಗೆ ಅದು ಒಳಗೊಳಗೇ ಕೊರೆಯುತ್ತಿತ್ತು.

ಈಗ ಬಂದದ್ದು ಮುಧೋಳದ ಸಂಬಂಧ. ಹುಡುಗ ಸಾಲಿ ಮಾಸ್ತರ, ಗುಣವಂತ. ಅವನ ಮನೆಯಲ್ಲಿ ಹಿರಿಯರೆಂದರೆ ಅವನ ಕಾಕಾ. ಈ ಕಾಕಾ ಪಂಚಾಂಗದ ಹೊರತು ಒಂದು ಹೆಜ್ಜೆ ಇಡುವವರಲ್ಲ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಹತ್ತುತ್ತದೆ; ಅದರೊಳಗೆ ಶಾಸ್ತ್ರ ಮುಗಿಯಬೇಕು; ಮುಗಿಯದಿದ್ದರೆ ಚಹಾ ಕುಡಿದು ಬಂದ ದಾರಿಗೆ ಹೋಗುತ್ತೇವೆ ಎಂದು ಕಾಗದದಲ್ಲಿ ಬರೆದು, ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು. ಮುಂದಿನ ವಾರದಿಂದ ಅಧಿಕಮಾಸ. ಅದರ ಆಚೆಗೂ ಒಳ್ಳೆಯ ದಿನ ಬೇಗ ಇರಲಿಲ್ಲ. ಅಷ್ಟರಲ್ಲಿ ಗಂಡಿನ ಕಡೆಯವರ ಮನಸ್ಸು ಎತ್ತ ಹೋಗುತ್ತದೋ ಯಾರು ಬಲ್ಲರು?

ನಾನು ಹೊರಟಾಗ ಗಡಿಯಾರ ಒಂಬತ್ತು ಹೊಡೆಯಿತು. ಕುಸುಮಾ ಹಸಿರು ಇಳಕಲ್ ಸೀರೆ ಉಟ್ಟು ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಮುಖ ಬಿಳಿಚಿತ್ತು. ಏನೋ ಹೇಳಲು ಬಾಯಿ ತೆರೆದು, ಹೇಳದೆ ಅತ್ತಿಗೆಯ ಮುಖ ನೋಡಿದಳು. ಪಾಪ, ಎಲ್ಲ ಭಾರ ಅಣ್ಣನ ಮೇಲೆ ಬಿದ್ದಿದೆ ಎಂದು ಅವಳಿಗೆ ಸಂಕಟವಾಗಿರಬೇಕು ಎಂದುಕೊಂಡೆ. ಕೈ ಎತ್ತಿ ಧೈರ್ಯ ಹೇಳಿ ನಡೆದೆ.

ಭಟ್ಟರು ಮಡಿ ಪಂಚೆ ಉಟ್ಟು, ಹೆಗಲಿಗೆ ಉಪರಣೆ ಹಾಕಿ, ಪಂಚಾಂಗ ಮಗ್ಗುಲಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಸಿದ್ಧರಾಗಿಯೇ ಕೂತಿದ್ದರು. ನನಗೆ ಹಿಗ್ಗಾಯಿತು. ಆಮೇಲೆ ಅವರ ಮುಂದೆ ಹಾಸಿದ್ದ ಬುದ್ಧಿಬಲದ, ಅಂದರೆ ಚದುರಂಗದ, ಪಟ ಕಾಣಿಸಿತು.

ಇಲ್ಲಿ ಭಟ್ಟರ ಬಗ್ಗೆ ನಾಲ್ಕು ಮಾತು ಹೇಳಬೇಕು. ಸಂಸ್ಥಾನದ ಕಾಲದಲ್ಲಿ ಅವರು ಅರಮನೆಯ ವಾಡೆಯಲ್ಲಿ ಬುದ್ಧಿಬಲ ಆಡಿದವರು. ಸಾಂಗಲಿ, ಮಿರಜ ಕಡೆಯಿಂದ ಬಂದ ಆಟಗಾರರನ್ನು ಎದುರಿಗೆ ಕೂಡಿಸಿಕೊಂಡು ಗೆದ್ದವರು. ವಾಡೆಯಿಂದಲೇ ಬಂದ ಹಸ್ತಿದಂತದ ಕಾಯಿಗಳು ಅವರ ಹತ್ತಿರ ಇದ್ದವು. ಸಂಸ್ಥಾನ ಹೋಯಿತು, ವಾಡೆಯ ಆಟ ನಿಂತಿತು. ಭಟ್ಟರ ಹಸಿವು ಮಾತ್ರ ನಿಲ್ಲಲಿಲ್ಲ. ಎದುರಿಗೆ ಕೂಡುವವರು ಯಾರೂ ಇಲ್ಲದೆ, ಸತ್ಯನಾರಾಯಣ ಪೂಜೆಗೆ ಕರೆಯಲು ಬಂದವನನ್ನೂ ಹಿಡಿದು ಕೂಡಿಸುತ್ತಿದ್ದರು. ಒಮ್ಮೆ ಆಟಕ್ಕೆ ಕೂತರೆ ಸೋಲು ಗೆಲುವು ತೀರ್ಮಾನವಾಗದೆ ಏಳುವುದಿಲ್ಲ ಎಂಬುದು ಅವರ ವ್ರತ.

"ಬಾ ಗೋವಿಂದಾ. ಒಂದ ಆಟ ಆಡೂಣು. ಹತ್ತ ಮಿನಿಟಿನ್ಯಾಗ ನೀ ಸೋಲತೀ, ಎದ್ದ ಹೋಗೂಣು," ಎಂದರು.

ನಾನು ಕಾರಕೂನ. ತಕ್ಷಣ ಲೆಕ್ಕ ಹಾಕಿದೆ. ಬೇಡವೆಂದು ಅವರನ್ನು ಒಪ್ಪಿಸಲು ಅರ್ಧ ತಾಸು ಬೇಕು. ಸೋಲಲು ಹತ್ತೇ ಮಿನಿಟು. ಇಪ್ಪತ್ತು ಮಿನಿಟು ಉಳಿತಾಯ! ನನ್ನ ಆಟದ ಯೋಗ್ಯತೆಯಾದರೂ ಎಂಥದು? ಕುದುರೆಯನ್ನು ನಡೆಸುವಾಗ ಈಗಲೂ ಬೆರಳು ಮಡಿಚಿ ಮನೆ ಎಣಿಸುತ್ತೇನೆ. ಸೋಲುವುದರಲ್ಲಿ ನನ್ನನ್ನು ಮೀರಿಸುವವರು ಜಮಖಂಡಿಯಲ್ಲಿ ಇಲ್ಲ ಎಂಬ ಆತ್ಮವಿಶ್ವಾಸದಿಂದ ಚಪ್ಪಲಿ ಬಿಟ್ಟು ಕೂತೆ.

ಭಟ್ಟರು ದೇವರ ತಟ್ಟೆಯಿಂದ ಒಂದು ಚಿಟಿಕೆ ಕುಂಕುಮ ತೆಗೆದು ತಮ್ಮ ಒಂದು ಪ್ಯಾದೆಯ ನೆತ್ತಿಗೆ ಹಚ್ಚಿದರು.

"ಈ ಪ್ಯಾದಿಲೇ ನಿನಗ ಮಾತ ಮಾಡತೀನಿ," ಎಂದರು.

ಇದು ನಮ್ಮ ಕಡೆಯ ದೊಡ್ಡ ಆಟಗಾರರ ರೀತಿ. ಬಲವಿಲ್ಲದವನನ್ನು ವಜೀರ, ಆನೆಗಳಿಂದ ಸೋಲಿಸುವುದು ಅವರಿಗೆ ಅವಮಾನ. ಎಲ್ಲಕ್ಕಿಂತ ಚಿಕ್ಕ ಕಾಯಿಯಾದ ಪ್ಯಾದೆಯಿಂದ, ಅದೂ ಮೊದಲೇ ಗುರುತು ಮಾಡಿದ ಪ್ಯಾದೆಯಿಂದ, ರಾಜನನ್ನು ಅಲ್ಲಾಡದಂತೆ ಕಟ್ಟಿಹಾಕಬೇಕು, ಅದೇ ಮಾತ. ಇದರಿಂದ ಆಟಕ್ಕೆ ಶೋಭೆ ಬರುತ್ತದೆ. ಎಷ್ಟು ಹೊತ್ತು ಬೇಕಾಗುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ.

ಮೂರನೆಯ ನಡೆಗೇ ನನ್ನ ವಜೀರನನ್ನು ಒಯ್ದು ಅವರ ಆನೆಯ ಬಾಯಿಗೆ ಇಟ್ಟೆ. ಭಟ್ಟರು ನಕ್ಕು ಅದನ್ನು ಎತ್ತಿ ಅದರ ಮನೆಗೆ ವಾಪಸು ಇಟ್ಟರು. ಇದನ್ನು ಹೊಡೆದರೆ ಕೂಸಿನ ಕೈಯಿಂದ ಬೆಲ್ಲ ಕಸಿದುಕೊಂಡ ಹಾಗಾಗುತ್ತದಂತೆ. ಮತ್ತೆ ಇಟ್ಟೆ. ಮತ್ತೆ ವಾಪಸು ಬಂತು. ಮೂರನೆಯ ಸಲ ಇಟ್ಟಾಗ ವಜೀರನನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂದು ಕಾಲು ತಾಸು ಪಾಠ ಹೇಳಿದರು. ನಾನು ಶ್ರದ್ಧೆಯಿಂದ ಕೇಳುವವನ ಹಾಗೆ ತಲೆ ಆಡಿಸುತ್ತ ಅವರ ತಲೆಯ ಮೇಲಿನ ಗಡಿಯಾರ ನೋಡುತ್ತಿದ್ದೆ. ಒಂಬತ್ತೂ ನಲವತ್ತು!

ಆಮೇಲೆ ಯುಕ್ತಿ ಬದಲಿಸಿದೆ. ಏನನ್ನೂ ದಾನ ಮಾಡುವವನ ಹಾಗೆ ತೋರಿಸದೆ, ಯೋಚನೆ ಮಾಡಿದವನ ಹಾಗೆ ಗಲ್ಲ ಉಜ್ಜಿ, ಒಂದೊಂದೇ ಕಾಯಿಯನ್ನು ಕಳೆದುಕೊಂಡೆ. ಇದು ಫಲಿಸಿತು. ಆನೆಗಳು ಹೋದವು, ಒಂಟೆಗಳು ಹೋದವು, ಬೆರಳೆಣಿಸಿ ನಡೆಸಿದ ಕುದುರೆಗಳು ಹೋದವು, ಕೊನೆಗೆ ವಜೀರನೂ ಹೋದ. ಆದರೆ ಕುಂಕುಮದ ಪ್ಯಾದೆ ಇನ್ನೂ ಅರ್ಧ ದಾರಿಯಲ್ಲಿತ್ತು. ಅದು ಒಂದು ಹೆಜ್ಜೆ ಇಡಬೇಕಾದರೆ ಭಟ್ಟರು ಎರಡು ಸಲ ನಶ್ಯ ಏರಿಸುತ್ತಿದ್ದರು. ಅವರ ವಜೀರನಿಂದ ಒಂದೇ ನಡೆಗೆ ಮಾತ ಆಗುವುದು ನನ್ನಂಥವನಿಗೂ ಕಾಣುತ್ತಿತ್ತು. ತಡೆಯಲಾರದೆ ಬೆರಳಿಟ್ಟು ತೋರಿಸಿಯೂಬಿಟ್ಟೆ. ಭಟ್ಟರ ಮುಖ ಸಣ್ಣದಾಯಿತು. ಅದನ್ನು ಅವರು ಏಳು ನಡೆ ಹಿಂದೆಯೇ ನೋಡಿದ್ದರಂತೆ. ಅವರನ್ನು ಸಮಾಧಾನ ಮಾಡಲು ಮತ್ತೆ ಐದು ಮಿನಿಟು ಹೋಯಿತು.

ಹತ್ತು ಗಂಟೆಗೆ ನನ್ನಲ್ಲಿ ಉಳಿದದ್ದು ಒಬ್ಬ ರಾಜ, ಒಂದು ಪ್ಯಾದೆ. ಆ ಪ್ಯಾದೆ ಹೇಗೋ ದಾರಿ ತಪ್ಪಿ ಭಟ್ಟರ ರಾಜನ ಹತ್ತಿರ ಹೋಗಿ ನಿಂತಿತ್ತು. ಅವರು ಅದನ್ನು ಯಾವಾಗ ಬೇಕಾದರೂ ಹೊಡೆಯಬಹುದಿತ್ತು, ಹೊಡೆಯಲಿಲ್ಲ. ಏಕೆಂದರೆ ನಮ್ಮ ಕಡೆಯ ಆಟದಲ್ಲಿ ಒಂದು ಕಟ್ಟಳೆ ಇದೆ. ಎದುರಿನವನ ರಾಜ ಒಬ್ಬಂಟಿಯಾಗುವ ಹಾಗೆ ಅವನ ಎಲ್ಲ ಕಾಯಿಗಳನ್ನೂ ಹೊಡೆದುಬಿಟ್ಟರೆ ಅದು ಗೆಲುವಲ್ಲ. ಆಟ ಬುರ್ಜಿ, ಅಂದರೆ ಇಬ್ಬರೂ ಸರಿಸಮ. ಹೀಗಾಗಿ ಗೆಲ್ಲುವವನು ಸೋಲುವವನ ಕೊನೆಯ ಕಾಯಿಯನ್ನು ಜೋಪಾನವಾಗಿ ಬದುಕಿಸಿಕೊಳ್ಳಬೇಕು. ಭಟ್ಟರು ನನ್ನ ಆ ಒಂದು ಪ್ಯಾದೆಯನ್ನು ಮನೆಗೆ ಬಂದ ಅಳಿಯನಂತೆ ನೋಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಭಟ್ಟರ ಹೆಂಡತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಪಟ ನೋಡಿದರು, ಗಡಿಯಾರ ನೋಡಿದರು, ನನ್ನನ್ನು ನೋಡಿದರು. ತಿರುಗಿ ಒಳಗೆ ಹೋದರು. ನನ್ನ ಮೇಲೆ ಅವರಿಗೆ ಕನಿಕರ ಬಂದಿರಬೇಕು.

ಮುಧೋಳದ ಬಸ್ಸು ಬಂದು ಅರ್ಧ ತಾಸಾಗಿತ್ತು. ಈಗ ಕಾಕಾ ಚಹಾ ಕುಡಿದು ಬಟ್ಟಲು ಕೆಳಗಿಟ್ಟಿರಬೇಕು. ಈಗ ಕಿಸೆಯಿಂದ ಗಡಿಯಾರ ತೆಗೆದಿರಬೇಕು. ಅವ್ವ ಸೆರಗಿನ ತುದಿ ಕೈಯಲ್ಲಿ ಹಿಂಡುತ್ತಿರಬೇಕು. ಕುಸುಮಾ ಒಳಗಿನ ಕೋಣೆಯಲ್ಲಿ ಆ ಹಸಿರು ಸೀರೆಯಲ್ಲಿ ಕೂತು ಬೀದಿಯಲ್ಲಿ ನನ್ನ ಚಪ್ಪಲಿಯ ಸದ್ದಿಗೆ ಕಿವಿ ಕೊಟ್ಟಿರಬೇಕು. ಆ ಹುಡುಗಿಯ ಬಾಳು ಕೆಟ್ಟರೆ ಅದಕ್ಕೆ ಕಾರಣ ಬೀಳಗಿಯವರೂ ಅಲ್ಲ, ತೇರದಾಳದವರೂ ಅಲ್ಲ. ಇಪ್ಪತ್ತು ಮಿನಿಟು ಉಳಿಸಲು ಹೋದ ನಾನು. ಕಣ್ಣು ಮಂಜಾಯಿತು. ಟೊಪ್ಪಿಗೆ ತೆಗೆದು ಅದರಿಂದಲೇ ಗಾಳಿ ಹಾಕಿಕೊಳ್ಳತೊಡಗಿದೆ. ಭಟ್ಟರು ಅದನ್ನು ನೋಡಿ, ಸೋಲು ಹತ್ತಿರ ಬಂದಾಗ ದೊಡ್ಡ ದೊಡ್ಡವರಿಗೂ ಹೀಗೇ ಆಗುತ್ತದೆ ಎಂದು ಸಮಾಧಾನ ಹೇಳಿದರು.

ಹತ್ತೂ ಇಪ್ಪತ್ತಕ್ಕೆ ಕುಂಕುಮದ ಪ್ಯಾದೆ ಕೊನೆಗೂ ನನ್ನ ರಾಜನ ಅಂಗಳಕ್ಕೆ ಬಂದು ಮುಟ್ಟಿತು. ಭಟ್ಟರು ಕೈ ಝಾಡಿಸಿ ಹಿಂದಕ್ಕೆ ಒರಗಿದರು.

"ನಿಂದೊಂದ ನಡಿ. ಆಮ್ಯಾಲ ಮಾತ," ಎಂದರು.

ನನಗೆ ಅವರ ಕಾಲು ಹಿಡಿಯಬೇಕೆನಿಸಿತು. ಆದರೆ ಈ ಒಂದು ನಡೆಯನ್ನು ಜಾಣತನದಿಂದ ನಡೆಸಬೇಕಿತ್ತು. ರಾಜನನ್ನು ಸರಿಸಿದರೆ ಅವನು ತಪ್ಪಿಸಿಕೊಳ್ಳುತ್ತಾನೆ. ಕುಂಕುಮದ ಪ್ಯಾದೆ ಮತ್ತೆ ಅವನ ಹಿಂದೆ ಹೊರಡುತ್ತದೆ. ರಾಜ ಅಲ್ಲೇ ಕೂತಿರಬೇಕೆಂದರೆ ನಡೆಸಲು ಉಳಿದದ್ದು ಆ ದಾರಿ ತಪ್ಪಿದ ಪ್ಯಾದೆ ಒಂದೇ. ಬುದ್ಧಿಬಲದಲ್ಲಿ ಇಷ್ಟು ಆಳವಾಗಿ ನಾನು ಹಿಂದೆಂದೂ ಯೋಚಿಸಿದವನಲ್ಲ. ಪ್ಯಾದೆಯನ್ನು ಒಂದು ಮನೆ ಮುಂದೆ ತಳ್ಳಿದೆ. ತಳ್ಳಿದವನೇ ಅರ್ಧ ಎದ್ದು, ಒಂದು ಕಾಲನ್ನು ಚಪ್ಪಲಿಗೆ ತೂರಿಸಿ, ಮಾತ ಹೊಡೆಯಿರಿ ಎಂದೆ.

ಭಟ್ಟರು ಅಲುಗಲಿಲ್ಲ.

"ಶಹ ಕೊಟ್ಟಿಯಲ್ಲೋ," ಎಂದರು ಮೆಲ್ಲಗೆ.

ಬಗ್ಗಿ ನೋಡಿದೆ. ನನ್ನ ಪ್ಯಾದೆ ಅವರ ರಾಜನ ಮೂಲೆಗೆ ಹೋಗಿ ನಿಂತಿತ್ತು. ಅದು ಹೊಡೆಯುವ ಮನೆಯಲ್ಲೇ ಭಟ್ಟರ ರಾಜನಿದ್ದ! ಒಂದು ಮಗ್ಗುಲಿಗೆ ಅವನದೇ ಆನೆ, ಮುಂದೆ ಅವನದೇ ಪ್ಯಾದೆ, ಉಳಿದ ಕಡೆ ಪಟದ ಅಂಚು, ಸರಿಯಲು ಜಾಗವಿಲ್ಲ. ನನ್ನ ಪ್ಯಾದೆಯನ್ನು ಹೊಡೆಯುವುದೊಂದೇ ದಾರಿ. ಹೊಡೆದರೆ ನನ್ನ ರಾಜ ಒಬ್ಬಂಟಿ.

ತಪ್ಪಾಯಿತು, ವಾಪಸು ತೆಗೆದುಕೊಳ್ಳುತ್ತೇನೆ ಎಂದು ಕೈ ಮುಗಿದೆ. ವಜೀರನನ್ನು ಮೂರು ಸಲ ಹಿಂದೆ ಕೊಟ್ಟ ಮನುಷ್ಯ ಈಗ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅದು ಪಾಠವಂತೆ, ಇದು ಯುದ್ಧವಂತೆ. ಕೈಬಿಟ್ಟ ನಡೆ ನಡೆದ ಹಾಗೇ ಅಂತೆ. ಆರು ಮಿನಿಟು ಪಟವನ್ನೇ ದಿಟ್ಟಿಸಿದರು. ಆಮೇಲೆ ನಿಟ್ಟುಸಿರು ಬಿಟ್ಟು, ಇಷ್ಟು ಹೊತ್ತು ಸಾಕಿದ ಅಳಿಯನನ್ನು ಎತ್ತಿ ಪಕ್ಕಕ್ಕಿಟ್ಟರು. ಬುರ್ಜಿ!

"ಇಂಥಾ ನಡಿ ಯಾವ ಶಾಣ್ಯಾನೂ ನಡಸೂದಿಲ್ಲ. ಅದಕ್ಕ ನನ್ನ ಲಕ್ಷ್ಯದಾಗ ಬರಲಿಲ್ಲ," ಎಂದರು. ಅವರ ದನಿ ಒಡೆದಿತ್ತು. ವಾಡೆಯಲ್ಲಿ ಇಪ್ಪತ್ತು ವರ್ಷ ಆಡಿದವರು. ಆಟ ತಿಳಿದವರ ಕೈಯಲ್ಲಿ ಬುರ್ಜಿಯಾಗಿದ್ದರೆ ಅವರಿಗೆ ಇಷ್ಟು ದುಃಖವಾಗುತ್ತಿರಲಿಲ್ಲ.

ನಾನಾದರೋ ಆಯುಷ್ಯದಲ್ಲಿ ಮೊದಲ ಸಲ ಸೋಲದೆ ಆಟ ಮುಗಿಸಿದ್ದೆ. ಮೊದಲ ಸಲ ಸೋಲಲೇಬೇಕಾಗಿದ್ದ ದಿನ! ಅದಿರಲಿ, ಆಟ ಮುಗಿಯಿತಲ್ಲ, ಏಳಿ ಎಂದೆ. ಭಟ್ಟರು ಏಳುವ ಬದಲು ಕಾಯಿಗಳನ್ನು ಮತ್ತೆ ಸಾಲಾಗಿ ಜೋಡಿಸತೊಡಗಿದರು. ಸೋಲೂ ಅಲ್ಲ, ಗೆಲುವೂ ಅಲ್ಲ. ತಮ್ಮ ವ್ರತದ ಪ್ರಕಾರ ಆಟ ಮುಗಿದೇ ಇಲ್ಲ ಎಂದರು. ನನ್ನ ಹತ್ತಿರ ಬುರ್ಜಿ ಮಾಡಿಸಿಕೊಂಡು ನಾಲ್ಕು ಜನರ ಮುಂದೆ ಯಾವ ಮುಖದಿಂದ ಮಂತ್ರ ಹೇಳಲಿ ಎಂದು ಕೇಳಿದರು. ಬೆರಳಲ್ಲಿ ಮತ್ತೆ ಕುಂಕುಮ ಹಿಡಿದಿದ್ದರು. ಗಡಿಯಾರದಲ್ಲಿ ಹತ್ತೂವರೆಗೆ ಎರಡು ಮಿನಿಟು ಇತ್ತು.

ಆಗ ನನಗೆ ಏನಾಯಿತೋ ತಿಳಿಯದು. ಪಟದ ಮೇಲಿನಿಂದ ಭಟ್ಟರ ಹಸ್ತಿದಂತದ ರಾಜನನ್ನು ಎತ್ತಿಕೊಂಡು ಬೀದಿಗೆ ಹಾರಿದೆ. ಮರುಕ್ಷಣ ಭಟ್ಟರು ನನ್ನ ಹಿಂದೆಯೇ ಇದ್ದರು. ಅರವತ್ತು ದಾಟಿದವರು ಅಷ್ಟು ಜೋರಾಗಿ ಓಡಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಒಂದು ಕೈಯಲ್ಲಿ ಪಂಚೆಯ ನೆರಿಗೆ, ಇನ್ನೊಂದು ಕೈಯಲ್ಲಿ ಪಂಚಾಂಗ. ನನಗೆ ಒಂದೇ ಕಾಲಲ್ಲಿ ಚಪ್ಪಲಿ. ಮೊದಲನೆಯ ಓಣಿಯಲ್ಲಿ ಜನ ದಾರಿ ಬಿಟ್ಟರು. ಎರಡನೆಯ ಓಣಿಯಲ್ಲಿ ನಾಯಿಗಳು ಸೇರಿಕೊಂಡವು. ಮೂರನೆಯ ಓಣಿಯಲ್ಲಿ ನಮ್ಮ ಮಾಮಲೇದಾರ ಸಾಹೇಬರು ಎದುರಾದರು. ಓಡುತ್ತಲೇ ನಮಸ್ಕಾರ ಮಾಡಿದೆ. ಭಟ್ಟರು ನನ್ನನ್ನು ಹಿಡಿಯಲು ಅವರಿಗೆ ಕೂಗಿ ಹೇಳಿದರು. ಸಾಹೇಬರು ಬಿಸಿಲಲ್ಲಿ ಕೊಡೆ ಹಿಡಿದು ಹಾಗೇ ನಿಂತುಬಿಟ್ಟರು.

ಮನೆಯ ಹೊಸ್ತಿಲು ದಾಟಿ ಪಡಸಾಲೆಯ ನಡುವೆ ಬಂದು ನಿಂತಾಗ ನನಗೆ ಉಸಿರು ಹತ್ತಲಿಲ್ಲ. ಎದುರಿಗೆ ಗಂಡಿನ ಕಡೆಯವರು ಸಾಲಾಗಿ ಕೂತು ಶಿರಾ ತಿನ್ನುತ್ತಿದ್ದರು.

"ಭಟ್ಟರನ್ನ ಕರಕೊಂಡ ಬಂದೇನ್ರಿ," ಎಂದೆ.

"ನನ್ನ ರಾಜನ್ನ ಕೊಡಲೇ ಕಳ್ಳಾ," ಎಂದರು ಹಿಂದಿನಿಂದ ಭಟ್ಟರು.

ಕಾಕಾ ಶಿರಾದ ಚಮಚೆಯನ್ನು ತಟ್ಟೆಯಲ್ಲಿಟ್ಟು, ಇವರು ಯಾರು ಎಂದು ಸುಶೀಲೆಯನ್ನು ಕೇಳಿದರು. ಹಿಂದಿನವರು ಭಟ್ಟರು ಎಂದು ಸುಶೀಲೆ ಮೊದಲು ಹೇಳಿದಳು. ಮುಂದಿನವರು ತನ್ನ ಯಜಮಾನರು ಎಂದು ಆಮೇಲೆ ಹೇಳಿದಳು.

ಆಗ ನಾನು ಸುತ್ತ ನೋಡಿದೆ. ನೆಲದ ಮೇಲೆ ಅಕ್ಷತೆ ಬಿದ್ದಿತ್ತು. ಕುಸುಮಾಳ ಉಡಿಯಲ್ಲಿ ಸಕ್ಕರೆಯ ಪೊಟ್ಟಣವಿತ್ತು, ಮುಡಿಯಲ್ಲಿ ಅವರು ತಂದ ಹೂವಿತ್ತು. ರಬಕವಿಯಿಂದ ಬಂದ ನನ್ನ ಸೋದರಮಾವ ಯಜಮಾನನ ಮಣೆಯ ಮೇಲೆ ಕೂತಿದ್ದ. ಅವನ ಪಕ್ಕದಲ್ಲಿ ಭಟ್ಟರ ಹಿರಿಯ ಮಗ, ಎರಡು ಮಕ್ಕಳ ತಂದೆ, ಶಾಸ್ತ್ರವನ್ನೆಲ್ಲ ಮುಗಿಸಿ ದರ್ಭೆ ಕಟ್ಟಿಕೊಳ್ಳುತ್ತಿದ್ದ. ರಾಹುಕಾಲಕ್ಕೆ ಐದು ಮಿನಿಟು ಇರುವಾಗಲೇ ಎಲೆ ಅಡಿಕೆ ಬದಲಾಗಿದ್ದವು. ಅಲ್ಲೇ ಗೋಡೆಗೆ ಒರಗಿ ಕೂತೆ. ಅಳು ಬಂತು. ಸಂತೋಷಕ್ಕೇ ಬಂತು, ಸುಳ್ಳೇಕೆ ಹೇಳಲಿ.

ಗಂಡಿನ ಕಡೆಯವರು ಬಸ್ಸಿಗೆ ಹೋದ ಮೇಲೆ ವಿಷಯ ತಿಳಿಯಿತು. ಭಟ್ಟರು ಪಟ ಹಾಸಿದ ದಿನ ಅವರ ಹೆಂಡತಿ ಮಗನನ್ನು ಹಿತ್ತಲ ಬಾಗಿಲಿನಿಂದ ಕಳಿಸುತ್ತಾರೆ. ಊರಿಗೆಲ್ಲ ಇದು ಗೊತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ನನ್ನನ್ನೇಕೆ ಕಳಿಸಿದಿರಿ ಎಂದು ಸಿಟ್ಟಿನಿಂದ ಕೇಳಿದೆ. ಅವ್ವ ಕಂಬ ನೋಡಿದಳು. ಸೋದರಮಾವ ಮಾಡು ನೋಡಿದ. ಸುಶೀಲೆ ತಟ್ಟೆ ಎತ್ತಿಕೊಂಡು ಅಡಿಗೆಮನೆಗೆ ಹೋದಳು. ಕೊನೆಗೆ ಕುಸುಮಾ ಬಂದು ನನ್ನ ಪಕ್ಕದಲ್ಲಿ ಕೂತಳು.

"ಅಣ್ಣಾ, ಸಿಟ್ಟ ಆಗಬ್ಯಾಡ. ನೀ ಮನ್ಯಾಗ ಇದ್ದಿದ್ರ ಕಾಕಾನ ಜೋಡಿ ಮಾತಾಡತಿದ್ದಿ," ಎಂದಳು.

ಬೀಳಗಿಯ ಜಾತಕ, ತೇರದಾಳದ ಉತಾರ ಎರಡೂ ಒಮ್ಮೆಲೇ ಕಣ್ಣ ಮುಂದೆ ಬಂದವು. ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಅವಳು ಹೇಳಲಾರದೆ ಉಳಿದದ್ದು ಇದೇ. ನನ್ನ ಮನಸ್ಸಿಗೆ ಬಹಳ ನೋವಾಯಿತು. ಏನೋ ಗಂಭೀರವಾಗಿ ಹೇಳಬೇಕೆಂದು ಮುಖ ಎತ್ತಿದೆ. ಅವಳು ನನ್ನ ಒಂದೇ ಚಪ್ಪಲಿಯ ಕಾಲನ್ನು ನೋಡುತ್ತ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ತಡೆಯಲಾರದೆ ನಕ್ಕುಬಿಟ್ಟಳು. ಎಷ್ಟೋ ತಿಂಗಳಾಗಿತ್ತು ಆ ನಗು ಕೇಳಿ.

ಮದುವೆಯ ದಿನ ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ. ಭಟ್ಟರ ಮಗ ಮಂತ್ರ ಹೇಳುತ್ತಾನೆ. ನಾನು ಭಟ್ಟರ ಜೊತೆ ಹಿಂದಿನ ಕೋಣೆಯಲ್ಲಿ ಬುದ್ಧಿಬಲ ಆಡುತ್ತ ಕೂಡಬೇಕು. ತಂಗಿಯ ಬೊಗಸೆಗೆ ಅರಳು ಹಾಕಲು ಅಣ್ಣ ಬೇಕಾದಾಗ ಕರೆಯುತ್ತೇವೆ. ಅಲ್ಲಿಯ ತನಕ ಹೇಗಾದರೂ ಮಾಡಿ ಸೋಲದೆ ಕೂತಿರಬೇಕು ಎಂದು ಸುಶೀಲೆ ಸ್ಪಷ್ಟವಾಗಿ ಹೇಳಿದಳು. ಭಟ್ಟರಿಗೂ ಹಳೆಯ ಬುರ್ಜಿಯನ್ನು ತೀರಿಸಿಕೊಳ್ಳುವ ಆತುರವಿತ್ತು. ನಾನು ತುಟಿ ಕಚ್ಚಿ, ಪ್ರತಿ ಕಾಯಿಯನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಹನ್ನೊಂದನೆಯ ನಡೆಗೆ ಪ್ಯಾದೆಯಿಂದ ಮಾತ ಆಯಿತು. ಭಟ್ಟರು ತೃಪ್ತಿಯಿಂದ ಎದ್ದು ಮಂಟಪದ ಕಡೆಗೆ ಹೋದರು.

ನನಗೂ ಅಲ್ಲಿ ಕೂಡುವ ಕೆಲಸ ಉಳಿಯಲಿಲ್ಲ. ಹೊರಗೆ ಬಂದೆ. ಚಪ್ಪರದ ಒಂದು ಮೂಲೆಯಲ್ಲಿ ಮುಧೋಳದ ಕಾಕಾ ಲಗ್ನಪತ್ರಿಕೆಯನ್ನು ಕೈಯಲ್ಲಿ ಹಿಡಿದು ಒಬ್ಬರೇ ಕೂತಿದ್ದರು. ಮಾತಾಡಿಸುವವರು ಯಾರೂ ಇರಲಿಲ್ಲ. ಹೋಗಿ ಪಕ್ಕದಲ್ಲಿ ಕೂತೆ. ಪತ್ರಿಕೆಯಲ್ಲಿ ತಿಥಿಯ ಲೆಕ್ಕ ಒಂದು ಕಡೆ ತಪ್ಪಿದಂತೆ ಕಂಡಿತು. ದೂರದಿಂದ ಸುಶೀಲೆ ನೋಡಿದಳು. ಕೈಯಲ್ಲಿದ್ದ ಹರಿವಾಣವನ್ನು ಕಂಡಲ್ಲಿ ಇಟ್ಟು ನಮ್ಮ ಕಡೆಗೇ ಓಡುತ್ತ ಬರತೊಡಗಿದಳು. ನಾನಿನ್ನೂ ಬಾಯಿ ಕೂಡ ತೆರೆದಿರಲಿಲ್ಲ.